ಸಾಕು ಮೊಲದ ಕಣ್ಣು: ದೀರ್ಘಕಾಲದ ತೊಂದರೆಗಳೂ ಆರೈಕೆಯೂ

ಸಾಕು ಮೊಲದ ಕಣ್ಣಿನ ಕಾಯಿಲೆ ಹೆಚ್ಚಾಗಿ ಗೊತ್ತಾಗುವುದು ಒಂದು ಒದ್ದೆ ಗುರುತಿನಿಂದ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಮೂಗಿನ ಪಕ್ಕದ ಕೂದಲು ಅಂಟಿಕೊಂಡು ಕಡ್ಡಿಕಡ್ಡಿಯಾಗಿರುತ್ತದೆ. ಕಣ್ಣಿನ ಒಳಮೂಲೆಯಲ್ಲಿ ಹಾಲಿನ ಕೆನೆಯಂಥ ಪಿಸುರು ಕೂತಿರುತ್ತದೆ. ಒರೆಸಿದರೆ ಹೋಗುತ್ತದೆ, ಮಾರನೆಯ ದಿನ ಮತ್ತೆ ಬರುತ್ತದೆ. ಮೆಡಿಕಲ್ ಶಾಪಿನಿಂದ ತಂದ ಡ್ರಾಪ್ಸ್ ಹಾಕಿದರೆ ಒಂದು ವಾರ ತಡೆಯುತ್ತದೆ, ನಿಲ್ಲಿಸಿದ ಮೇಲೆ ಮರುಕಳಿಸುತ್ತದೆ. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುವ ತೊಂದರೆಯ ಮೂಲ ಅನೇಕ ಸಲ ಕಣ್ಣಿನಲ್ಲಿ ಇರುವುದೇ ಇಲ್ಲ. ಅದು ಬಾಯಲ್ಲಿರುತ್ತದೆ, ಗೂಡಿನ ನೆಲದಲ್ಲಿರುತ್ತದೆ, ದಿನವೂ ಹಾಕುವ ಮೇವಿನಲ್ಲಿರುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ಇದು ಕಣ್ಣಿನದೇ ರೋಗ ಎಂದು ಹಟ ಹಿಡಿದರೆ, ನಷ್ಟವಾಗುವುದು ಮೊಲಕ್ಕೆ.

ಮನೆಯಲ್ಲಿ ಸಾಕುವ ಮೊಲ ನಮ್ಮ ಹೊಲದ ಬದುಗಳಲ್ಲಿ ಓಡುವ ಕಾಡುಮೊಲವಲ್ಲ. ಸ್ಪೇನ್, ಪೋರ್ಚುಗಲ್ ದೇಶಗಳಿರುವ ಐಬೀರಿಯಾ ಪರ್ಯಾಯ ದ್ವೀಪದ ಬಿಲಮೊಲದ ಸಂತತಿ ಅದು. ಬಿಳಿಯ ನ್ಯೂಜಿಲೆಂಡ್ ವೈಟ್, ಬೂದು ಬಣ್ಣದ ಸೋವಿಯತ್ ಚಿಂಚಿಲ್ಲಾ, ಅಂಗೈಯಗಲದ ಮುಖದ ನೆದರ್‌ಲ್ಯಾಂಡ್ ಡ್ವಾರ್ಫ್, ಜೋಲುಕಿವಿಯ ಲಾಪ್, ಎಲ್ಲವೂ ಒಂದೇ ಜಾತಿಯ ಬೇರೆ ಬೇರೆ ತಳಿಗಳು. ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವಂತಿಲ್ಲ. ಇಲ್ಲಿ ಹೇಳುವುದೆಲ್ಲ ಸಾಕು ತಳಿಗಳ ಮಾತು.

ಮೊಲ ಇತರ ಪ್ರಾಣಿಗಳಿಗೆ ಬೇಟೆಯಾಗುವ ಜೀವ. ಅದರ ಕಣ್ಣು ರೂಪುಗೊಂಡಿರುವುದು ತಪ್ಪಿಸಿಕೊಳ್ಳುವುದಕ್ಕಾಗಿ. ತಲೆಯ ಎರಡು ಬದಿಗಳಲ್ಲಿ ಎತ್ತರಕ್ಕೆ ಕೂತ ದೊಡ್ಡ ಕಣ್ಣುಗಳು ಕತ್ತು ತಿರುಗಿಸದೆಯೇ ಸುತ್ತಲಿನ ಸುಮಾರು 360 ಡಿಗ್ರಿಯನ್ನೂ, ತಲೆಯ ಮೇಲಿನ ಆಕಾಶವನ್ನೂ ಕಾಯುತ್ತವೆ. ಆದರೆ ಮೂತಿಯ ನೇರ ಮುಂದೆ, ಗಲ್ಲದ ಕೆಳಗೆ ಇರುವುದು ಮಾತ್ರ ಕಾಣುವುದಿಲ್ಲ. ಅಂಗೈಯಲ್ಲಿ ಹಿಡಿದ ಎಲೆಯನ್ನು ಮೊಲ ಮೀಸೆ, ತುಟಿಗಳಿಂದ ಹುಡುಕುವುದು ಇದರಿಂದಲೇ. ರೆಪ್ಪೆ ಬಡಿಯುವುದೂ ಬಹಳ ಅಪರೂಪ, ಗಂಟೆಗೆ ಹತ್ತು ಹನ್ನೆರಡು ಬಾರಿ ಅಷ್ಟೇ. ಕಣ್ಣು ಹೀಗೆ ಬಹಳ ಹೊತ್ತು ತೆರೆದೇ ಇರುವುದರಿಂದ ಧೂಳು, ಹುಲ್ಲಿನ ಚೂರು, ಮೂತ್ರದ ಘಾಟು ನೇರವಾಗಿ ತಾಕುತ್ತವೆ. ಒಳಮೂಲೆಯಿಂದ ಸರಿದು ಬರುವ ಮೂರನೆಯ ರೆಪ್ಪೆ ಸ್ವಲ್ಪ ಮರೆ ಕೊಡುತ್ತದೆ, ಪೂರ್ತಿ ಅಲ್ಲ.

ಬಿಳಿ ಮೊಲದ ಕೆಂಪು ಕಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಣದ್ರವ್ಯವೇ ಇಲ್ಲದ ತಳಿಗಳಲ್ಲಿ ಕಣ್ಣಿನೊಳಗಿನ ರಕ್ತನಾಳಗಳ ಬಣ್ಣ ಹೊರಗೆ ಕಾಣುತ್ತದೆ. ಅದು ರೋಗವಲ್ಲ, ಹುಟ್ಟಿನಿಂದ ಬಂದದ್ದು. ಇಂಥ ಮೊಲಗಳು ಬಿಸಿಲು, ಪ್ರಖರ ದೀಪಗಳನ್ನು ಸಹಿಸವು. ದೂರದ ವಸ್ತುವನ್ನು ನೋಡುವಾಗ ತಲೆಯನ್ನು ಅತ್ತಿತ್ತ ಮೆಲ್ಲಗೆ ತೂಗುವುದೂ ಉಂಟು. ರೋಗದ ಕೆಂಪು ಬೇರೆ: ರೆಪ್ಪೆಯ ಒಳಬದಿ ಮತ್ತು ಕಣ್ಣಿನ ಬಿಳಿಭಾಗ ಕೆಂಪಾಗಿ ಊದಿಕೊಳ್ಳುತ್ತವೆ. ಎರಡು ಕಣ್ಣುಗಳನ್ನೂ ಒಂದಕ್ಕೊಂದು ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರಬೇಕು, ಅದು ಕಣ್ಣೀರಿನ ಕಾಲುವೆ. ಮನುಷ್ಯರ ಪ್ರತಿ ಕಣ್ಣಿನ ಒಳಮೂಲೆಯಲ್ಲಿ ಮೇಲಿನ ರೆಪ್ಪೆಗೊಂದು, ಕೆಳಗಿನದಕ್ಕೊಂದು ಎಂದು ಕಣ್ಣೀರು ಬಸಿಯುವ ಎರಡು ರಂಧ್ರಗಳಿವೆ. ಮೊಲಕ್ಕೆ ಕೆಳರೆಪ್ಪೆಯ ಒಳಗೆ ಇರುವುದು ಒಂದೇ, ಸಣ್ಣ ಸೀಳಿನಂಥ ರಂಧ್ರ. ಅಲ್ಲಿಂದ ಹೊರಟ ನಾಳ ಮೇಲ್ದವಡೆಯ ಮೂಳೆಯೊಳಗೆ ಸಾಗಿ, ದವಡೆ ಹಲ್ಲುಗಳ ಬುಡಕ್ಕೆ ಹತ್ತಿರವಾಗಿ, ಬಾಚಿಹಲ್ಲಿನ ಬುಡದ ಬಳಿ ತಿರುವು ಪಡೆದು ಮೂಗಿನ ಹೊಳ್ಳೆಯೊಳಗೆ ತೆರೆದುಕೊಳ್ಳುತ್ತದೆ. ಆ ತಿರುವಿನಲ್ಲಿ ನಾಳ ತೀರ ಕಿರಿದು. ಮೊಲದ 28 ಹಲ್ಲುಗಳೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲುಗಳಂತೂ ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್. ಗಟ್ಟಿ ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅರೆಯುವಾಗ ಬೆಳೆದಷ್ಟೂ ಸವೆಯುತ್ತದೆ. ಸವೆಯದಿದ್ದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಒತ್ತಿಕೊಂಡು ಬುಡ ಹಿಂದಕ್ಕೆ, ಅಂದರೆ ಕಣ್ಣಿನ ಕಡೆಗೆ ನುಗ್ಗುತ್ತದೆ. ನಾಳ ಅಮುಕಿಹೋಗುತ್ತದೆ. ಕಣ್ಣೀರು ಹರಿಯಲು ದಾರಿಯಿಲ್ಲದೆ ಕೆನ್ನೆಯ ಮೇಲೆ ಇಳಿಯುತ್ತದೆ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ. ಕಣ್ಣೀರಚೀಲದ ಉರಿಯೂತ ಎಂದು ಪಶುವೈದ್ಯರು ಕರೆಯುವ ಕಾಯಿಲೆ ಇದು.

ಇದು ಬರೀ ಊಹೆಯಲ್ಲ. 2009ರಲ್ಲಿ ಪಶುನೇತ್ರ ವೈದ್ಯಕೀಯದ ಪತ್ರಿಕೆಯೊಂದರಲ್ಲಿ ಇಂಥ 28 ಮೊಲಗಳ ವಿವರ ಪ್ರಕಟವಾಯಿತು. ಅವುಗಳಲ್ಲಿ 25ಕ್ಕೆ ತೊಂದರೆ ಇದ್ದದ್ದು ಒಂದೇ ಕಣ್ಣಿನಲ್ಲಿ, ಅರ್ಧದಷ್ಟು ಮೊಲಗಳಲ್ಲಿ ಕಾರಣ ಹಲ್ಲು. ಹಾಗಾಗಿ ಒಂದೇ ಕಣ್ಣು ಪದೇ ಪದೇ ಸೋರುತ್ತಿದ್ದರೆ ಮೊದಲು ನೋಡಬೇಕಾದದ್ದು ಆ ಬದಿಯ ಹಲ್ಲುಸಾಲನ್ನು. ಎರಡೂ ಕಣ್ಣು ಒಟ್ಟಿಗೆ ಸೋರಿದರೆ ಅನುಮಾನ ಗೂಡಿನ ಗಾಳಿಯ ಕಡೆಗೂ ಹೋಗಬೇಕು. ಚಪ್ಪಟೆ ಮುಖದ ಪುಟ್ಟ ತಳಿಗಳಲ್ಲಿ ದವಡೆಯೇ ಗಿಡ್ಡವಾಗಿ ಹಲ್ಲಿಗೆ ಜಾಗ ಸಾಲದು. ಮುದ್ದಾಗಿ ಕಾಣಲೆಂದು ಮನುಷ್ಯರು ಆಯ್ದು ಬೆಳೆಸಿದ ಆ ಗುಂಡುಮುಖಕ್ಕೆ ಮೊಲ ತನ್ನ ಕಣ್ಣು, ಹಲ್ಲುಗಳಿಂದ ಬೆಲೆ ತೆರುತ್ತದೆ.

ಮುಚ್ಚಿಕೊಂಡ ನಾಳವನ್ನು ತೊಳೆಯುವ ಕ್ರಮವನ್ನು ಹತ್ತಿರದಿಂದ ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊಲವನ್ನು ಟವೆಲ್‌ನಲ್ಲಿ ಸುತ್ತಿ ತಲೆಯಷ್ಟೇ ಹೊರಗಿಟ್ಟು, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ ವೈದ್ಯರು ಒಂದೆರಡು ನಿಮಿಷ ಕಾಯುತ್ತಾರೆ. ಬೆರಳಿನಿಂದ ಕೆಳರೆಪ್ಪೆಯನ್ನು ಜಗ್ಗಿದಾಗ ಒಳಮೂಲೆಯ ಬಳಿ ಆ ಸೀಳು ಕಾಣುತ್ತದೆ. ಮೊನೆಯಿಲ್ಲದ, ಕೂದಲಿನಂಥ ಸಣ್ಣ ಕೊಳವೆಯನ್ನು ಅದರೊಳಗೆ ತೂರಿಸಿ ಸಿರಿಂಜಿನಿಂದ ಬೆಚ್ಚಗಿನ ಸಲೈನನ್ನು ತೀರ ನಿಧಾನವಾಗಿ ಒತ್ತುತ್ತಾರೆ. ಮೊದಲು ಏನೂ ಆಗುವುದಿಲ್ಲ, ನೀರು ಕಣ್ಣಿಗೇ ಹಿಂದಿರುಗುತ್ತದೆ. ಆಮೇಲೆ ಒಮ್ಮೆಗೇ ಆ ಬದಿಯ ಹೊಳ್ಳೆಯಲ್ಲಿ ಬಿಳಿ ಗಸಿ ಕಾಣಿಸಿಕೊಂಡು, ಹಿಂದೆಯೇ ತಿಳಿನೀರು ತೊಟ್ಟಿಕ್ಕುತ್ತದೆ. ಮೊಲ ಸೀನುತ್ತದೆ. ದಾರಿ ತೆರೆಯಿತು ಎಂಬುದಕ್ಕೆ ಅದೇ ಗುರುತು. ಬಲವಾಗಿ ಒತ್ತಿದರೆ ಸೋಂಕಿನಿಂದ ತೆಳುವಾದ ನಾಳ ಒಡೆಯುವ ಭಯವಿದೆ. ಆದ್ದರಿಂದ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಒಂದು ಸಲ ತೊಳೆದರೆ ಮುಗಿಯಿತು ಎಂದೂ ಇಲ್ಲ. ಕೆಲವು ದಿನಗಳ ಅಂತರದಲ್ಲಿ ಹಲವು ಬಾರಿ ತೊಳೆಯಬೇಕಾಗುತ್ತದೆ, ಹೊರಬಂದ ಕೀವನ್ನು ಲ್ಯಾಬಿಗೆ ಕಳಿಸಿ ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಬೇಕಾಗುತ್ತದೆ. ತಲೆಯ ಎಕ್ಸ್‌ರೇ, ಸಾಧ್ಯವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರೆ ಹಲ್ಲಿನ ಬುಡ ಎಲ್ಲಿಗೆ ಮುಟ್ಟಿದೆ ಎಂಬುದು ಸ್ಪಷ್ಟವಾಗುತ್ತದೆ. ಹಲ್ಲಿನ ದೋಷ ಹಳೆಯದಾಗಿದ್ದರೆ ಈ ಕಾಯಿಲೆ ಪೂರ್ತಿ ವಾಸಿಯಾಗದೆ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುವಂಥದ್ದಾಗುತ್ತದೆ. ಸಾಕುವವರಿಗೆ ಈ ಮಾತನ್ನು ಮೊದಲೇ ಹೇಳುವ ವೈದ್ಯರು ಒಳ್ಳೆಯ ವೈದ್ಯರು.

ಎಲ್ಲ ಕಣ್ಣಿನ ತೊಂದರೆಯೂ ಹೀಗೆ ನಿಧಾನವಾದುದಲ್ಲ. ಮೊಲ ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರೆ ಕಾರ್ನಿಯಾದ ಮೇಲೆ ಹುಣ್ಣಾಗಿರಬಹುದು. ಒಣಹುಲ್ಲಿನ ಚೂಪು ಕಡ್ಡಿ, ಜೊತೆಯ ಮೊಲದ ಉಗುರು, ಒಳಕ್ಕೆ ಮಡಚಿದ ರೆಪ್ಪೆಯ ಕೂದಲು, ಯಾವುದರಿಂದಲೂ ಇದು ಆಗುತ್ತದೆ. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕು ಬಿಟ್ಟರೆ ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಈ ಪರೀಕ್ಷೆ ಮಾಡದೆ ಸ್ಟೆರಾಯ್ಡ್ ಬೆರೆತ ಡ್ರಾಪ್ಸ್ ಹಾಕುವುದು ದೊಡ್ಡ ತಪ್ಪು. ಮನುಷ್ಯರಿಗೆಂದು ಮಾರುವ ಎಷ್ಟೋ ಕಣ್ಣಿನ ಔಷಧಿಗಳಲ್ಲಿ ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಸೇರಿರುತ್ತದೆ. ಅದು ಕೆಂಪನ್ನು ಬೇಗ ಇಳಿಸಿ ಸಮಾಧಾನ ಕೊಡುತ್ತದೆ, ಒಳಗೆ ಹುಣ್ಣು ಆಳಕ್ಕೆ ಇಳಿದು ಕಣ್ಣೇ ತೂತಾಗುವ ಹಂತಕ್ಕೆ ಹೋಗುತ್ತದೆ. ನಮ್ಮ ಮನೆಗಳ ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನು, ಎದೆಹಾಲು ಯಾವುದನ್ನೂ ಮೊಲದ ಕಣ್ಣಿಗೆ ಬಿಡಬಾರದು.

ಕಣ್ಣಿನೊಳಗೆ, ಪಾಪೆಯ ಬಳಿ ಬಿಳಿ ಹತ್ತಿಯುಂಡೆಯಂಥದ್ದು ಕಂಡರೆ ಅದರ ಕಥೆಯೇ ಬೇರೆ. ಎನ್ಸೆಫಲಿಟೋಜೂನ್ ಕ್ಯೂನಿಕ್ಯುಲೈ ಎಂಬ ಏಕಕೋಶ ಪರೋಪಜೀವಿಯನ್ನು 1922ರಲ್ಲಿ ಮೊದಲ ಬಾರಿಗೆ ಮೊಲಗಳಲ್ಲೇ ಗುರುತಿಸಲಾಯಿತು. ಮೂತ್ರದ ಮೂಲಕ ಅದು ಒಂದರಿಂದ ಒಂದಕ್ಕೆ ಹರಡುತ್ತದೆ, ತಾಯಿಯ ಗರ್ಭದಲ್ಲೇ ಮರಿಗೂ ದಾಟುತ್ತದೆ. ಮಸೂರ ಇನ್ನೂ ರೂಪುಗೊಳ್ಳುತ್ತಿರುವಾಗ ಒಳಹೊಕ್ಕ ಜೀವಿ ತಿಂಗಳುಗಳ ನಂತರ ಮಸೂರದ ಹೊದಿಕೆಯನ್ನು ಒಡೆಯುತ್ತದೆ. ಹೊರಚೆಲ್ಲಿದ ಮಸೂರದ ವಸ್ತುವಿಗೆ ಕಣ್ಣು ಉರಿಯೂತದಿಂದ ಪ್ರತಿಕ್ರಿಯಿಸುತ್ತದೆ. ಸಾಮಾನ್ಯವಾಗಿ ಎಳೆಯ ಮೊಲಗಳಲ್ಲಿ, ಒಂದೇ ಕಣ್ಣಿನಲ್ಲಿ ಇದು ಕಾಣುತ್ತದೆ. ಫೆನ್‌ಬೆಂಡಜೋಲ್ ಎಂಬ ಜಂತುನಾಶಕವನ್ನು 28 ದಿನ ಕೊಡುವುದು ರೂಢಿಯಲ್ಲಿರುವ ಚಿಕಿತ್ಸೆ. ಜೊತೆಗೆ ಉರಿಯೂತದ ಔಷಧಿ. ಮನುಷ್ಯರ ಪೊರೆ ತೆಗೆಯುವ ವಿಧಾನದಲ್ಲೇ ಮಸೂರವನ್ನು ತೆಗೆಯುವ ಶಸ್ತ್ರಚಿಕಿತ್ಸೆಯೂ ಉಂಟು. ರೋಗನಿರೋಧಕ ಶಕ್ತಿ ಕುಂದಿದ ಮನುಷ್ಯರಿಗೂ ಈ ಜೀವಿ ತಗಲಬಹುದಾದ್ದರಿಂದ ಗೂಡು ತೊಳೆದ ಮೇಲೆ ಕೈಗೆ ಸೋಪು ಹಾಕಲೇಬೇಕು.

ನ್ಯೂಜಿಲೆಂಡ್ ವೈಟ್ ತಳಿಯಲ್ಲಿ ವಂಶವಾಹಿ ಗ್ಲಾಕೋಮಾ ಚೆನ್ನಾಗಿ ಗೊತ್ತಿರುವ ಕಾಯಿಲೆ. ತಂದೆತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದ ಮರಿಗಳಲ್ಲಿ ಕೆಲವೇ ತಿಂಗಳಿಗೆ ಕಣ್ಣಿನ ಒತ್ತಡ ಏರಿ ಗುಡ್ಡೆ ಹಿಗ್ಗುತ್ತದೆ. ಹೀಗೆ ಹಿಗ್ಗಿದ ಗುಡ್ಡೆಗಿರುವ ಗ್ರೀಕ್ ಮೂಲದ ಹೆಸರಿನ ಅರ್ಥ ‘ಎತ್ತಿನ ಕಣ್ಣು’ ಎಂದು. ಇಂಥ ಮೊಲದಿಂದ ಮರಿ ಮಾಡಿಸಬಾರದು. ಕಣ್ಣು ಉಬ್ಬುವ ಇನ್ನೊಂದು ಬಗೆಯಲ್ಲಿ ಗುಡ್ಡೆ ಹಿಗ್ಗದೆ ಕಣ್ಣಿನ ಗೂಡಿನಿಂದ ಮುಂದಕ್ಕೆ ನೂಕಿಬರುತ್ತದೆ. ಹಿಂದೆ ಹಲ್ಲಿನ ಬುಡದ ಕೀವುಗಡ್ಡೆ ಇರುತ್ತದೆ. ಮೊಲದ ಕೀವು ನಾಯಿಯ ಕೀವಿನಂತೆ ಹರಿಯುವುದಿಲ್ಲ, ಟೂತ್‌ಪೇಸ್ಟಿನಂತೆ ಗಟ್ಟಿ. ಸೂಜಿ ಚುಚ್ಚಿ ಎಳೆದರೆ ಬರುವುದಿಲ್ಲ. ವಯಸ್ಸಾದ ಮೊಲದ ಎರಡೂ ಕಣ್ಣುಗಳು ಒಟ್ಟಿಗೆ ಉಬ್ಬಿದರೆ ಎದೆಯೊಳಗಿನ ಥೈಮಸ್ ಗ್ರಂಥಿಯ ಗೆಡ್ಡೆಯನ್ನು ಶಂಕಿಸುತ್ತಾರೆ. ಯುರೋಪು, ಆಸ್ಟ್ರೇಲಿಯಾಗಳಲ್ಲಿ ರೆಪ್ಪೆ ಊದಿ ಕೀವು ಸೋರುವ ಮೊಲ ಕಂಡರೆ ಮೊದಲು ನೆನಪಾಗುವುದು ಮಿಕ್ಸೊಮಟೋಸಿಸ್. 1896ರಲ್ಲಿ ಉರುಗ್ವೆಯಲ್ಲಿ ವಿಜ್ಞಾನಿ ಸನರೆಲ್ಲಿ ಗುರುತಿಸಿದ ಈ ವೈರಾಣುರೋಗವನ್ನು 1950ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಲಗಳ ಹಾವಳಿ ತಗ್ಗಿಸಲು ಬೇಕೆಂದೇ ಹಬ್ಬಿಸಿದರು.

ಮೊಲದ ಕಣ್ಣಿನ ಬಗ್ಗೆ ವಿಜ್ಞಾನಕ್ಕೆ ತಿಳಿದಿರುವ ಎಷ್ಟೋ ಸಂಗತಿಗಳು ಪ್ರಯೋಗಾಲಯದಿಂದ ಬಂದವು ಎಂಬುದನ್ನು ನೋವಿನಿಂದಲೇ ದಾಖಲಿಸಬೇಕು. 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೇಜ್ ರೂಪಿಸಿದ ಪರೀಕ್ಷೆಯಲ್ಲಿ ಶಾಂಪೂ, ಸೌಂದರ್ಯವರ್ಧಕ, ರಾಸಾಯನಿಕಗಳನ್ನು ಎಚ್ಚರವಿರುವ ಮೊಲದ ಒಂದು ಕಣ್ಣಿಗೆ ಹಾಕಿ, ಇನ್ನೊಂದು ಕಣ್ಣಿನೊಡನೆ ಹೋಲಿಸಿ, ಆಗುವ ಹಾನಿಗೆ ಅಂಕ ಕೊಡುತ್ತಿದ್ದರು. ದೊಡ್ಡ ಕಣ್ಣು, ಸಾಧು ಸ್ವಭಾವ, ಅಗ್ಗದ ಬೆಲೆ ಈ ಪ್ರಾಣಿಯನ್ನು ಅಲ್ಲಿಗೆ ಎಳೆದವು. 1980ರಲ್ಲಿ ಪ್ರಾಣಿಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪೈರಾ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪುಟದಗಲದ ಜಾಹೀರಾತು ಕೊಟ್ಟು ಇದನ್ನು ಜನರ ಮುಂದಿಟ್ಟ ಮೇಲೆ ಪರ್ಯಾಯ ಪರೀಕ್ಷೆಗಳ ಹುಡುಕಾಟ ಚುರುಕಾಯಿತು. ಭಾರತ 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದನ್ನು ನಿಷೇಧಿಸಿತು.

ಮನೆಯ ಆರೈಕೆ ದಿನವೂ ಮಾಡಬೇಕಾದ ಕೆಲಸ. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅಥವಾ ಸಲೈನಿನಲ್ಲಿ ಹತ್ತಿಯನ್ನು ಅದ್ದಿ, ಒಣಗಿದ ಪಿಸುರಿನ ಮೇಲೆ ಅರ್ಧ ನಿಮಿಷ ಇಟ್ಟರೆ ಅದು ತಾನೇ ಮೆತ್ತಗಾಗುತ್ತದೆ. ಉಗುರಿನಿಂದ ಕೀಳಬಾರದು. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಒರೆಸಿದ ಮೇಲೆ ಕೆನ್ನೆಯನ್ನು ಮೆತ್ತನೆಯ ಬಟ್ಟೆಯಿಂದ ಪೂರ್ತಿ ಒಣಗಿಸಬೇಕು. ಸದಾ ಒದ್ದೆಯಾದ ಚರ್ಮ ಬೆಂದಂತಾಗಿ ಕೂದಲು ಉದುರುತ್ತದೆ, ನಮ್ಮ ಹವೆಯಲ್ಲಿ ಅಲ್ಲಿಗೆ ನೊಣ ಕೂತು ಹುಳ ಬೀಳುವ ಅಪಾಯವೂ ಇದೆ. ಜೊತೆಗಾರ ಮೊಲವಿದ್ದರೆ ಅದೇ ನೆಕ್ಕಿ ಚೊಕ್ಕಟ ಮಾಡುವುದನ್ನು ಕಾಣಬಹುದು.

ಡ್ರಾಪ್ಸ್ ಹಾಕುವುದಕ್ಕೆ ಮೇಜಿಗಿಂತ ನೆಲವೇ ವಾಸಿ. ಸಾಕುವವರು ಮಂಡಿಯೂರಿ ಕೂತು, ಮೊಲವನ್ನು ತಮ್ಮ ಎರಡು ತೊಡೆಗಳ ನಡುವೆ ಮುಖ ಹೊರಕ್ಕೆ ಇರುವಂತೆ ಕೂರಿಸಿಕೊಂಡರೆ ಅದಕ್ಕೆ ಹಿಂದೆ ಸರಿಯಲು ಜಾಗ ಇರುವುದಿಲ್ಲ. ಎಡಗೈ ಗಲ್ಲದ ಕೆಳಗಿರಲಿ. ಬಾಟಲಿ ಹಿಡಿದ ಬಲಗೈ ತಲೆಯ ಹಿಂಬದಿಯಿಂದ ಬಂದು ಹಣೆಯ ಮೇಲೆ ಊರಿಕೊಳ್ಳಲಿ, ಮೊನೆ ಕಣ್ಣಿಗೆ ತಾಗದಿರಲಿ. ಎರಡು ಔಷಧಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಡ್ರಾಪ್ಸ್ ಮೊದಲು, ಆಯಿಂಟ್‌ಮೆಂಟ್ ಆಮೇಲೆ. ಮುಗಿದ ಕೂಡಲೇ ಒಂದೆಸಳು ಕೊತ್ತಂಬರಿ ಕೊಟ್ಟರೆ ನಾಲ್ಕಾರು ದಿನದಲ್ಲಿ ಓಡಿಹೋಗುವುದು ಕಡಿಮೆಯಾಗುತ್ತದೆ. ಮೊಲವನ್ನು ಅಂಗಾತ ಮಲಗಿಸಿ ‘ಸುಮ್ಮನಾಯಿತು’ ಎಂದುಕೊಳ್ಳಬಾರದು. ಅದು ಹೆದರಿ ಮರಗಟ್ಟಿರುತ್ತದೆ. ಅದರ ಅಸ್ಥಿಪಂಜರ ದೇಹದ ತೂಕದ 7ರಿಂದ 8 ಶೇಕಡದಷ್ಟು ಮಾತ್ರ. ಸೊಂಟಕ್ಕೆ ಆಧಾರವಿಲ್ಲದೆ ಹಿಡಿದಾಗ ಜೋರಾಗಿ ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಲ್ಲದು.

ನುಂಗಿಸುವ ಔಷಧಿಯ ವಿಚಾರದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್, ಕ್ಲಿಂಡಾಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿ ಕ್ಲಾಸ್ಟ್ರಿಡಿಯಮ್ ಬೆಳೆದು, ಕೆಲವೇ ದಿನಗಳಲ್ಲಿ ಜೀವ ಹೋಗುತ್ತದೆ. ಮಕ್ಕಳಿಗೆ ತಂದ ಸಿರಪ್ಪನ್ನು ಒಂದು ಚಮಚ ಕುಡಿಸಿಬಿಡೋಣ ಎಂಬ ಯೋಚನೆಯೇ ಬೇಡ. ನೋವಿನಿಂದ ಮೇವು ಬಿಡುವುದೂ ಅಷ್ಟೇ ಅಪಾಯ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳು ನಿಂತಿದೆ ಎಂದೇ ತಿಳಿದು ಆಸ್ಪತ್ರೆಗೆ ಒಯ್ಯಬೇಕು. ನೋವನ್ನು ಮುಚ್ಚಿಡುವುದು ಬೇಟೆಗೊಳಗಾಗುವ ಪ್ರಾಣಿಯ ಸ್ವಭಾವ. ಮುಖ ನೋಡಿ ಅದನ್ನು ಅಳೆಯಲು 2012ರಲ್ಲಿ ವಿಜ್ಞಾನಿಗಳು ಒಂದು ಮಾಪಕ ಸಿದ್ಧಪಡಿಸಿದರು. ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗು ಚೂಪಾಗುವುದು, ಮೀಸೆ ಮತ್ತು ಕಿವಿಗಳ ಭಂಗಿ ಬದಲಾಗುವುದು, ಇವು ಅದರ ಐದು ಗುರುತುಗಳು.

ಮೇವು, ಗೂಡು ಸರಿಯಾಗದೆ ಯಾವ ಔಷಧಿಯೂ ನಿಲ್ಲುವುದಿಲ್ಲ. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಸ್ ಹಾರ್ಕೋರ್ಟ್-ಬ್ರೌನ್ 1990ರ ದಶಕದಲ್ಲೇ ಸಾಕು ಮೊಲಗಳ ಹಲ್ಲಿನ ರೋಗಕ್ಕೂ ಆಹಾರದಲ್ಲಿನ ಕ್ಯಾಲ್ಸಿಯಂ ಕೊರತೆಗೂ ಇರುವ ನಂಟನ್ನು ಎತ್ತಿ ತೋರಿಸಿದ್ದರು. ಕಾಳುಮಿಶ್ರಣದಲ್ಲಿ ರುಚಿಯಾದುದನ್ನಷ್ಟೇ ಆರಿಸಿ ತಿನ್ನುವ ಮೊಲಕ್ಕೆ ನಾರೂ ಸಾಲದು, ಸುಣ್ಣವೂ ಸಾಲದು. ನಮ್ಮ ಮನೆಗಳಲ್ಲಿ ಬ್ರೆಡ್ಡು, ಬಿಸ್ಕತ್ತು, ಅನ್ನ, ಬುಟ್ಟಿಗಟ್ಟಲೆ ಕ್ಯಾರೆಟ್ ಹಾಕುವ ರೂಢಿಯ ಫಲವೂ ಅದೇ. ಆಹಾರದ ಬಹುಪಾಲು ಹುಲ್ಲೇ ಆಗಿರಬೇಕು: ಗರಿಕೆ, ಗಿನಿ ಹುಲ್ಲು, ಎಳೆಯ ನೇಪಿಯರ್, ಧೂಳು ಕೊಡವಿದ ಒಣಹುಲ್ಲು. ಕೀಟನಾಶಕ ಸಿಂಪಡಿಸಿದ ಹೊಲದ ಬದುವಿನದು, ನಾಯಿಗಳು ಓಡಾಡುವ ರಸ್ತೆಬದಿಯದು ಬೇಡ. ಹುಲ್ಲಿನ ಗೋದಲಿಯನ್ನು ಕಣ್ಣಿನ ಮಟ್ಟದಲ್ಲಿ ಕಟ್ಟಿದರೆ ಕಡ್ಡಿ ಚುಚ್ಚುತ್ತದೆ, ಸ್ವಲ್ಪ ಕೆಳಗಿರಲಿ. ಮೂತ್ರದಿಂದ ಏಳುವ ಅಮೋನಿಯಾ ನಿಂತ ಮನುಷ್ಯನ ಮೂಗಿಗೆ ತಟ್ಟುವ ಮೊದಲೇ ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿರುವ ಮೊಲದ ಕಣ್ಣನ್ನು ಸುಡುತ್ತಿರುತ್ತದೆ. ಅದಕ್ಕಾಗಿ ಒದ್ದೆ ಹಾಸನ್ನು ದಿನವೂ ತೆಗೆಯಬೇಕು. ಮರದ ನುಣ್ಣನೆಯ ಹೊಟ್ಟಿಗಿಂತ ಹಳೆಯ ಪತ್ರಿಕೆಯ ಕಾಗದ ಮೇಲು.

ಕರ್ನಾಟಕದ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಕುರಿ, ನಾಯಿಗಳು. ಮೊಲದ ಬಾಯೊಳಗೆ ನೋಡುವ ಸಲಕರಣೆ ಎಲ್ಲ ಕಡೆ ಇರುವುದಿಲ್ಲ. ಬೆಂಗಳೂರಿನವರಿಗೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ಕಾಯಿಲೆ ಬರುವ ಮೊದಲೇ ಕೇಳಿಟ್ಟುಕೊಳ್ಳಬೇಕಾದ ಪ್ರಶ್ನೆಗಳು ಎರಡು: ದವಡೆ ಹಲ್ಲು ಪರೀಕ್ಷಿಸುತ್ತೀರಾ, ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸವಿದೆಯೇ? ಔಷಧಿಯ ವರ್ತನೆಯೂ ಮೊಲದಲ್ಲಿ ಬೇರೆ. ಹಲವು ಮೊಲಗಳ ದೇಹದಲ್ಲಿ ಅಟ್ರೋಪಿನ್ ಅನ್ನು ಒಡೆದುಹಾಕುವ ಕಿಣ್ವವಿದ್ದು, ಪಾಪೆ ಹಿಗ್ಗಿಸಲು ಹಾಕಿದ ಹನಿ ಕೆಲಸ ಮಾಡದೆ ಹೋಗಬಹುದು.

ಕೆಲವು ಕಣ್ಣುಗಳನ್ನು ಉಳಿಸಲು ಆಗುವುದಿಲ್ಲ. ನೋವು ತಗ್ಗದ ಗ್ಲಾಕೋಮಾ, ತೂತಾದ ಕಾರ್ನಿಯಾ, ಹಿಂದಿನ ಕೀವುಗಡ್ಡೆ ಇದ್ದಾಗ ಕಣ್ಣನ್ನೇ ತೆಗೆಯುವುದು ಕ್ರೌರ್ಯವಲ್ಲ, ನೋವಿನಿಂದ ಬಿಡುಗಡೆ. ಕಣ್ಣಿನ ಗೂಡಿನಲ್ಲಿ ದೊಡ್ಡ ರಕ್ತನಾಳಗಳ ಜಾಲವಿರುವುದರಿಂದ ಈ ಶಸ್ತ್ರಚಿಕಿತ್ಸೆಗೆ ಅನುಭವಿ ಕೈಯೇ ಬೇಕು. ಹೊಲಿದ ಜಾಗದಲ್ಲಿ ಕೂದಲು ಮತ್ತೆ ಬೆಳೆಯುತ್ತದೆ. ಒಂದು ಕಣ್ಣಿನ ಮೊಲವೂ, ಎರಡೂ ಕಣ್ಣು ಹೋದ ಮೊಲವೂ ಮೂಗು, ಮೀಸೆ, ಕಿವಿಗಳ ನೆರವಿನಿಂದ ಮನೆಯನ್ನು ಚೆನ್ನಾಗಿ ಕಲಿತುಕೊಳ್ಳುತ್ತವೆ. ಮುಟ್ಟುವ ಮೊದಲು ಒಂದು ಮಾತಾಡಿ, ಕುರುಡು ಬದಿಯಿಂದ ಥಟ್ಟನೆ ಎತ್ತಬೇಡಿ, ಜಾರುವ ನೆಲಕ್ಕೆ ಚಾಪೆ ಹಾಸಿ. ನೀರಿನ ಬಟ್ಟಲು, ಹುಲ್ಲಿನ ಗೋದಲಿ, ಮಲಗುವ ಪೆಟ್ಟಿಗೆ ಇವತ್ತು ಎಲ್ಲಿವೆಯೋ ನಾಳೆಯೂ ಅಲ್ಲೇ ಇರಲಿ.